ಪ್ರಯಾಣ ಫ್ರಿಜ್: ಆಯ್ಕೆ ಮತ್ತು ಅಳವಡಿಕೆ

ಡಾಂಬರು ರಸ್ತೆ ಬಿಟ್ಟು ಮರಳು, ಮಣ್ಣು, ಕಲ್ಲುದಾರಿಗಳಲ್ಲಿ ದಿನಗಟ್ಟಲೆ ತಿರುಗುವ ವಾಹನದಲ್ಲಿ ಇಟ್ಟುಕೊಳ್ಳುವ, ವಾಹನದ ಬ್ಯಾಟರಿಯಿಂದಲೇ ನಡೆಯುವ ಸಣ್ಣ ಶೀತಪೆಟ್ಟಿಗೆಗೆ ಪ್ರಯಾಣ ಫ್ರಿಜ್ ಎನ್ನಬಹುದು. ಸಾಮಾನ್ಯವಾಗಿ ಇದರ ಒಳಜಾಗ 30ರಿಂದ 95 ಲೀಟರ್. ಟ್ರಂಕಿನ ಹಾಗೆ ಮೇಲಕ್ಕೆ ತೆರೆಯುವ ಮುಚ್ಚಳ, ಎರಡು ಬದಿಗೆ ಹಿಡಿಕೆ. 12 ಅಥವಾ 24 ವೋಲ್ಟಿನ ಬ್ಯಾಟರಿಯಿಂದಲೂ ಮನೆಯ ಪ್ಲಗ್ಗಿನಿಂದಲೂ ನಡೆಯುತ್ತದೆ. ಬಳಕೆ ಹಲವು ದೇಶಗಳಲ್ಲಿದ್ದರೂ ಇದು ಶೋಕಿಯ ಸಾಮಾನಾಗಿ ಉಳಿಯದೆ ಬೇಕೇಬೇಕಾದ ಸಾಮಾನಾದದ್ದು ಆಸ್ಟ್ರೇಲಿಯದಲ್ಲಿ ಮತ್ತು ದಕ್ಷಿಣ ಆಫ್ರಿಕದಲ್ಲಿ. ಈ ಲೇಖನದ ಉದಾಹರಣೆಗಳು ಆಸ್ಟ್ರೇಲಿಯದವು.

ಅಲ್ಲಿನ ದೂರಗಳೇ ಇದಕ್ಕೆ ಕಾರಣ. ಪಶ್ಚಿಮ ಆಸ್ಟ್ರೇಲಿಯದ ವಿಲೂನಾದಿಂದ ಹಾಲ್ಸ್ ಕ್ರೀಕ್‌ವರೆಗಿನ ಕ್ಯಾನಿಂಗ್ ಸ್ಟಾಕ್ ರೂಟ್ ಸುಮಾರು 1,850 ಕಿ.ಮೀ. ಉದ್ದದ್ದು. ಒಂದು ಕಾಲಕ್ಕೆ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಈಗ ಎರಡು ಮೂರು ವಾರ ಹಿಡಿಯುವ ಪ್ರಯಾಣ. ನಡುವೆ ಕುನವಾರಿಟ್ಜಿ ಎಂಬ ಮೂಲನಿವಾಸಿಗಳ ಹಳ್ಳಿಯನ್ನು ಬಿಟ್ಟರೆ ಅಂಗಡಿಯ ಮುಖ ಕಾಣುವುದು ಕಷ್ಟ. ಸಿಂಪ್ಸನ್ ಮರುಭೂಮಿಯನ್ನು ಅಡ್ಡ ದಾಟುವವರು ಸಾವಿರಕ್ಕೂ ಹೆಚ್ಚು ಮರಳುದಿಬ್ಬಗಳನ್ನು ಒಂದೊಂದಾಗಿ ಹತ್ತಿ ಇಳಿಯಬೇಕು. ಆಚೆ ಬರ್ಡ್ಸ್‌ವಿಲ್ ಊರು ಸಿಗುವವರೆಗೆ ಹಾಲಿನ ಪ್ಯಾಕೆಟ್ಟೂ ಇಲ್ಲ. ಬಿಸಿಲು ಎಷ್ಟೆಂದರೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಆ ಮರುಭೂಮಿಯ ಉದ್ಯಾನವನ್ನೇ ಮುಚ್ಚಿಬಿಡುತ್ತಾರೆ. ಇಂಥ ಕಡೆ ಫ್ರಿಜ್ ಕೆಟ್ಟರೆ ಅಂದು ರಾತ್ರಿಯೇ ಒಂದು ವಾರದ ಮಾಂಸ, ಹಾಲು, ತರಕಾರಿಗಳನ್ನೆಲ್ಲ ಗುಂಡಿ ತೋಡಿ ಹೂಳಬೇಕು.

ಹಿನ್ನೆಲೆ

ಪಶ್ಚಿಮ ಆಸ್ಟ್ರೇಲಿಯದ ಕೂಲ್‌ಗಾರ್ಡಿಯಲ್ಲಿ 1892ರಲ್ಲಿ ಚಿನ್ನ ಸಿಕ್ಕಿತು. ಅಲ್ಲಿಗೆ ಮುಗಿಬಿದ್ದ ಜನ ಮಾಂಸ, ಬೆಣ್ಣೆಗಳನ್ನು ಉಳಿಸಿಕೊಳ್ಳಲು ಕಂಡುಕೊಂಡ ಸಾಧನಕ್ಕೆ ಊರಿನ ಹೆಸರೇ ಬಂತು: ಕೂಲ್‌ಗಾರ್ಡಿ ಸೇಫ್. ಮರದ ಇಲ್ಲವೆ ತಗಡಿನ ಚೌಕಟ್ಟು, ಸುತ್ತ ಗೋಣಿತಾಟು, ಮೇಲೊಂದು ನೀರಿನ ತಟ್ಟೆ. ತಟ್ಟೆಯಿಂದ ಇಳಿಬಿಟ್ಟ ಬಟ್ಟೆಯ ಪಟ್ಟಿಗಳು ಗೋಣಿಯನ್ನು ಸದಾ ಒದ್ದೆಯಾಗಿಡುತ್ತವೆ. ಗಾಳಿ ಬೀಸಿ ನೀರು ಆರಿದಂತೆ ಒಳಗೆ ತಂಪಾಗುತ್ತದೆ. ಇದನ್ನು ರೂಪಿಸಿದ ಶ್ರೇಯಸ್ಸನ್ನು ಆರ್ಥರ್ ಪ್ಯಾಟ್ರಿಕ್ ಮೆಕಾರ್ಮಿಕ್ ಎಂಬವರಿಗೆ ಕೊಡುತ್ತಾರೆ. ಒದ್ದೆ ಬಟ್ಟೆ ಸುತ್ತಿದ ಮಡಕೆಯ ನೀರು ಕುಡಿದವರಿಗೆ ಇದರಲ್ಲಿ ಹೊಸತೇನೂ ಕಾಣದು. ಮಿತಿಯೂ ಅದೇ: ಬಳ್ಳಾರಿಯ ಬಿಸಿಲಲ್ಲಿ ಜುಮ್ಮೆನ್ನುವಷ್ಟು ತಣ್ಣಗಾಗುವ ಮಡಕೆಯ ನೀರು ಮಂಗಳೂರಿನ ಸೆಕೆಯಲ್ಲಿ ಅಷ್ಟು ತಣಿಯುವುದಿಲ್ಲ. ಒಣಹವೆಯ ಕೂಲ್‌ಗಾರ್ಡಿಗೆ ಒದಗಿದ ಉಪಾಯ ತೇವ ತುಂಬಿದ ಡಾರ್ವಿನ್‌ಗೆ ಒದಗುತ್ತಿರಲಿಲ್ಲ.

ಯಂತ್ರದಿಂದ ತಂಪು ಮಾಡುವ ಕಥೆಯಲ್ಲೂ ಆಸ್ಟ್ರೇಲಿಯಕ್ಕೆ ಪಾಲಿದೆ. ಲಂಡನ್ನಿನಲ್ಲಿದ್ದ ಅಮೆರಿಕನ್ ಜೇಕಬ್ ಪರ್ಕಿನ್ಸ್ 1834ರಲ್ಲಿ ಈಥರ್ ಆವಿಯನ್ನು ಅದುಮಿ ತಂಪು ಹುಟ್ಟಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅದನ್ನು ವ್ಯಾಪಾರಕ್ಕೆ ತಂದವರಲ್ಲಿ ಮೊದಲಿಗರ ಸಾಲಿನಲ್ಲಿ ನಿಲ್ಲುವವನು ಜೀಲಾಂಗ್ ಪಟ್ಟಣದ ಪತ್ರಿಕೆಯ ಸಂಪಾದಕ ಜೇಮ್ಸ್ ಹ್ಯಾರಿಸನ್. ಅಚ್ಚಿನ ಮೊಳೆಗಳನ್ನು ಈಥರಿನಿಂದ ತೊಳೆಯುವಾಗ ಲೋಹ ತಣ್ಣಗಾದದ್ದನ್ನು ಗಮನಿಸಿ ಅವನಿಗೆ ಈ ದಾರಿ ಹೊಳೆಯಿತೆಂದು ಹೇಳುತ್ತಾರೆ. 1850ರ ದಶಕದಲ್ಲಿ ಅವನು ಯಂತ್ರದಿಂದ ಮಂಜುಗಡ್ಡೆ ಮಾಡಿದ. ಆದರೆ 1873ರಲ್ಲಿ ನಾರ್‌ಫೋಕ್ ಎಂಬ ಹಡಗಿನಲ್ಲಿ ಇಂಗ್ಲೆಂಡಿಗೆ ಹೆಪ್ಪುಗಟ್ಟಿಸಿದ ಮಾಂಸ ಕಳಿಸಿದಾಗ ಹಡಗಿಗೆ ಯಂತ್ರವನ್ನು ಏರಿಸದೆ ಮಂಜುಗಡ್ಡೆಯನ್ನೇ ನಂಬಿದ. ಅದು ದಾರಿಯಲ್ಲೇ ಕರಗಿ ಮಾಂಸ ಹಾಳಾಯಿತು, ಹ್ಯಾರಿಸನ್ ಮುಳುಗಿದ. ದೂರದ ಪ್ರಯಾಣಕ್ಕೆ ಮಂಜುಗಡ್ಡೆಯನ್ನು ನಂಬಬಾರದೆಂಬ ಮಾತಿಗೆ ಇದಕ್ಕಿಂತ ಹಳೆಯ, ಇದಕ್ಕಿಂತ ದುಬಾರಿಯ ಸಾಕ್ಷಿ ಬೇಕಿಲ್ಲ.

ಆದರೂ ಆಸ್ಟ್ರೇಲಿಯನ್ನರು ಇನ್ನೂ ಬಹುಕಾಲ ಐಸುಪೆಟ್ಟಿಗೆಯನ್ನೇ ಹೊತ್ತು ತಿರುಗಿದರು. 'ಎಸ್ಕಿ' ಎಂಬ ವ್ಯಾಪಾರದ ಹೆಸರು ಅಲ್ಲಿ ಐಸುಪೆಟ್ಟಿಗೆಗೇ ಪರ್ಯಾಯ ಪದವಾಗಿ ನಿಂತಿದೆ. 1960ರ ದಶಕದಿಂದ ಜಪಾನಿನ ಸವಾಫುಜಿ ಕಂಪನಿಯ 'ಎಂಗೆಲ್' ಪೆಟ್ಟಿಗೆಗಳು, ಆಮೇಲೆ ಜರ್ಮನಿ ಮೂಲದ ವೇಕೋ (ಈಗ ಡೊಮೆಟಿಕ್), ಮೆಲ್ಬರ್ನಿನ ಎಆರ್‌ಬಿ, ದಕ್ಷಿಣ ಆಫ್ರಿಕದ ನ್ಯಾಷನಲ್ ಲೂನಾ ಮುಂತಾದವು ಗಾಡಿಗಳ ಹಿಂಭಾಗವನ್ನು ಸೇರಿದವು. ಈಗ ಚೀನಾದಿಂದ ಬರುವ ಅಗ್ಗದ ಪೆಟ್ಟಿಗೆಗಳಿಗೂ ಲೆಕ್ಕವಿಲ್ಲ.

ಬಗೆಗಳು

ಮಾರುಕಟ್ಟೆಯಲ್ಲಿ ಒಂದೇ ಬಗೆಯ ಪೆಟ್ಟಿಗೆಯಂತೆ ಕಾಣುವ ಮೂರು ಬೇರೆ ಯಂತ್ರಗಳಿವೆ. ಮೊದಲನೆಯದು ಪೆಲ್ಟಿಯರ್ ಬಗೆ. ಎರಡು ಬೇರೆ ವಸ್ತುಗಳ ಬೆಸುಗೆಯಲ್ಲಿ ವಿದ್ಯುತ್ ಹರಿಸಿದರೆ ಒಂದು ಕಡೆ ತಂಪು, ಇನ್ನೊಂದು ಕಡೆ ಬಿಸಿ ಆಗುತ್ತದೆಂದು ಫ್ರಾನ್ಸಿನ ಜಾನ್ ಪೆಲ್ಟಿಯರ್ ತೋರಿಸಿದ್ದೂ ಪರ್ಕಿನ್ಸನ ಪೇಟೆಂಟಿನ ವರ್ಷವೇ, 1834. ಸದ್ದಿಲ್ಲ, ಫ್ಯಾನು ಬಿಟ್ಟರೆ ಅಲುಗುವ ಭಾಗವಿಲ್ಲ, ಬೆಲೆ ಕಡಿಮೆ. ಆದರೆ ಹೊರಗಿನ ಉಷ್ಣಾಂಶಕ್ಕಿಂತ ಸುಮಾರು 20 ಡಿಗ್ರಿ ಕೆಳಗಿಳಿಸುವುದರಲ್ಲೇ ಅದರ ಶಕ್ತಿ ಮುಗಿಯುತ್ತದೆ. ಹೊರಗೆ 42 ಡಿಗ್ರಿ ಇದ್ದರೆ ಒಳಗೆ 22. ಆ ಶಾಖದಲ್ಲಿ ಹಾಲು ಒಡೆಯಲು ಏನೂ ಅಡ್ಡಿಯಿಲ್ಲ. ನಗರದೊಳಗೆ ತಂಪು ಪಾನೀಯ ಒಯ್ಯಲು ಸಾಕು. ಮರುಭೂಮಿಗೆ ಇದನ್ನು ಕೊಂಡವರು ಹಣ ಕಳೆದುಕೊಂಡಂತೆಯೇ.

ಎರಡನೆಯದು ಬೆಂಕಿಯಿಂದ ತಂಪು ಮಾಡುವ ಹೀರಿಕೆ ಬಗೆ. ಸ್ವೀಡನ್ನಿನಲ್ಲಿ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ವಿದ್ಯಾರ್ಥಿಗಳಾಗಿದ್ದಾಗ, 1922ರಲ್ಲಿ, ರೂಪಿಸಿದ್ದು. ಅಮೋನಿಯ, ನೀರು, ಹೈಡ್ರೊಜನ್‌ಗಳ ಸುತ್ತಾಟದಿಂದ ನಡೆಯುವ ಇದಕ್ಕೆ ಗ್ಯಾಸಿನ ಪುಟ್ಟ ಜ್ವಾಲೆ ಸಾಕು, ಸದ್ದೇ ಇಲ್ಲ. ಕ್ಯಾರವಾನುಗಳಲ್ಲಿ ಇಂದಿಗೂ ಇದೆ. ತೊಡಕೆಂದರೆ ಗಾಡಿ ಮಟ್ಟಸವಾಗಿ ನಿಂತಿರಬೇಕು. ವಾಲಿದರೆ ದ್ರವದ ಓಡಾಟ ತಪ್ಪಿ ತಂಪು ನಿಲ್ಲುತ್ತದೆ. ಮರಳುದಿಬ್ಬದ ಮಗ್ಗುಲಲ್ಲಿ ಮಟ್ಟಸ ಜಾಗವನ್ನು ಎಲ್ಲಿಂದ ತರುವುದು? ಮೇಲಾಗಿ ಕಡುಬಿಸಿಲಿಗೆ ಇದು ಸೋಲುತ್ತದೆ.

ಉಳಿದದ್ದು ಕಂಪ್ರೆಸರ್ ಬಗೆ. ಮನೆಯ ಫ್ರಿಜ್ಜಿನ ತತ್ತ್ವವೇ, ಗಾತ್ರ ಮಾತ್ರ ಸಣ್ಣದು. ಇದರಲ್ಲಿ ಎರಡು ಮನೆತನಗಳಿವೆ. ಡ್ಯಾನ್‌ಫೋಸ್ ಕಂಪನಿ ಮಾಡುತ್ತಿದ್ದ, 2010ರಿಂದ ಸೆಕಾಪ್ ಎಂಬ ಹೆಸರಿನಲ್ಲಿ ಬರುತ್ತಿರುವ ಬಿಡಿ35, ಬಿಡಿ50 ಕಂಪ್ರೆಸರುಗಳು ನಿಮಿಷಕ್ಕೆ 2,000ದಿಂದ 3,500 ಸುತ್ತಿನ ನಡುವೆ ವೇಗ ಹೊಂದಿಸಿಕೊಂಡು ನಡೆಯುತ್ತವೆ. ಹತ್ತಾರು ಹೆಸರಿನ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಇರುವುದು ಇವೇ ಅಥವಾ ಇವುಗಳ ಮಾದರಿಯವು. ಎಂಗೆಲ್ ಪೆಟ್ಟಿಗೆಯಲ್ಲಿರುವುದು ಸವಾಫುಜಿಯ 'ಸ್ವಿಂಗ್' ಕಂಪ್ರೆಸರ್. ವಿದ್ಯುತ್ಕಾಂತದ ಎಳೆತಕ್ಕೆ ಪಿಸ್ಟನ್ ಹಿಂದೆಮುಂದೆ ತೂಗುತ್ತದೆ, ಅಲುಗುವ ಭಾಗ ಅದೊಂದೇ. ಅದಕ್ಕೇ ಇಪ್ಪತ್ತು ಮೂವತ್ತು ವರ್ಷ ದುಡಿದ ಎಂಗೆಲ್‌ಗಳು ಜಾನುವಾರು ಕೇಂದ್ರಗಳ ಹಳೆಯ ಪಿಕಪ್‌ಗಳಲ್ಲಿ ಈಗಲೂ ಸಿಗುತ್ತವೆ. ಎರಡೂ ಬಗೆಯವು ಗಾಡಿ ವಾಲಿದರೂ ಓಡುತ್ತವೆ, ಹೆಪ್ಪುಗಟ್ಟಿಸುತ್ತವೆ. ಒಳನಾಡಿಗೆ ಹೋಗುವವರು ಕಂಪ್ರೆಸರ್ ಬಿಟ್ಟು ಬೇರೆ ಯೋಚಿಸುವ ಅಗತ್ಯವಿಲ್ಲ. ಈ ಎರಡು ಮನೆತನಗಳ ನಡುವಿನ ಆಯ್ಕೆಗೆ ಜನ ಕೊಡುವಷ್ಟು ತಲೆಯನ್ನೂ ಕೊಡಬೇಕಿಲ್ಲ.

ಅಳತೆ

ಇಬ್ಬರಿಗೆ ನಾಲ್ಕೈದು ದಿನಕ್ಕೆ 40 ಲೀಟರ್, ಮಕ್ಕಳಿರುವ ಸಂಸಾರಕ್ಕೆ 60 ಎಂಬುದು ರೂಢಿಯ ಲೆಕ್ಕ. ಹೆಪ್ಪು ಮತ್ತು ತಂಪು ಎರಡನ್ನೂ ಬೇರೆಬೇರೆ ಕೋಣೆಯಲ್ಲಿಡುವ ಪೆಟ್ಟಿಗೆ 75 ಲೀಟರಿನ ಆಸುಪಾಸಿನಿಂದ ಶುರುವಾಗುತ್ತದೆ. ದೊಡ್ಡದನ್ನೇ ತರೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. 75 ಲೀಟರಿನ ತುಂಬಿದ ಪೆಟ್ಟಿಗೆಯನ್ನು ಒಬ್ಬರೇ ಎತ್ತುವ ಮಾತಿಲ್ಲ. ಅದು ಹಿಂಬದಿಯ ಅರ್ಧ ಜಾಗ ನುಂಗುತ್ತದೆ. ಅರ್ಧ ಖಾಲಿ ಇದ್ದರೆ ಮುಚ್ಚಳ ತೆರೆದಾಗಲೆಲ್ಲ ಬಿಸಿಗಾಳಿ ಒಳಗೆ ತುಂಬಿಕೊಳ್ಳುತ್ತದೆ. ಸಣ್ಣದನ್ನು ಒತ್ತೊತ್ತಾಗಿ ತುಂಬಿಸುವುದು ಮೇಲು.

ಲೀಟರ್ ಲೆಕ್ಕವನ್ನು ಪೂರ್ತಿ ನಂಬಬಾರದು. ಕಂಪ್ರೆಸರಿನ ಮೇಲಿನ ಮೆಟ್ಟಿಲಿನಂಥ ಜಾಗವೂ ಅದರಲ್ಲಿ ಸೇರಿರುತ್ತದೆ. ನೀವು ಒಯ್ಯುವ ಎತ್ತರದ ಬಾಟಲಿಯೊಂದನ್ನು ಅಂಗಡಿಗೇ ತೆಗೆದುಕೊಂಡು ಹೋಗಿ ನಿಲ್ಲಿಸಿ ನೋಡುವುದು ಸರಿಯಾದ ಪರೀಕ್ಷೆ. ಗೋಡೆಯ ಪಾಲಿಯುರಿಥೇನ್ ನೊರೆಯ ದಪ್ಪವನ್ನು ಕೇಳಿ ತಿಳಿಯಬೇಕು. ಮುಚ್ಚಳದ ರಬ್ಬರಿನ ನಡುವೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಬೇಕು. ಸಲೀಸಾಗಿ ಜಾರಿದರೆ ತಂಪೂ ಹಾಗೇ ಜಾರುತ್ತದೆ. ಮುಂದಕ್ಕೆ ಬಾಗಿಲು ತೆರೆಯುವ ಫ್ರಿಜ್ಜುಗಳು ಬಳಕೆಗೆ ಸುಲಭ, ಆದರೆ ತಂಪುಗಾಳಿ ಭಾರ. ಬಾಗಿಲು ತೆರೆದೊಡನೆ ಕಾಲ ಬಳಿ ಸುರಿದುಹೋಗುತ್ತದೆ. ಟ್ರಂಕಿನ ಮಾದರಿಯಲ್ಲಿ ಅದು ಬಾವಿಯ ನೀರಿನಂತೆ ಒಳಗೇ ನಿಂತಿರುತ್ತದೆ.

ಹೆಪ್ಪುಗಟ್ಟಿಸುವ ಕೋಣೆ ಬೇಕೇ ಎಂಬುದು ಊಟದ ಪ್ರಶ್ನೆಗಿಂತ ಬ್ಯಾಟರಿಯ ಪ್ರಶ್ನೆ. ಮೈನಸ್ 15 ಡಿಗ್ರಿ ಕಾಯ್ದುಕೊಳ್ಳಲು ಕರೆಂಟು ತಂಪಿನ ಎರಡು ಪಟ್ಟಿಗೂ ಮೀರಿ ಬೇಕಾಗುತ್ತದೆ. ನಿರ್ವಾತ ಪ್ಯಾಕಿನ ಮಾಂಸ 2 ಡಿಗ್ರಿಯ ಸುತ್ತ ವಾರಗಟ್ಟಲೆ ಇರುತ್ತದೆಂಬುದು ಗೊತ್ತಾದ ಮೇಲೆ ಅನೇಕರು ಆ ಆಸೆ ಬಿಟ್ಟಿದ್ದಾರೆ.

ತಂತಿ

ಕೊಳ್ಳುವವರು ವಾರಗಟ್ಟಲೆ ಚರ್ಚಿಸುವುದು ಯಾವ ಹೆಸರಿನ ಪೆಟ್ಟಿಗೆ ಎಂಬುದನ್ನು. ಪ್ರಯಾಣದಲ್ಲಿ ಕೈಕೊಡುವುದು ಬಹುತೇಕ ತಂತಿ. ಇಡೀ ಅಳವಡಿಕೆಯಲ್ಲಿ ಅತಿ ಅಗ್ಗದ, ಅತಿ ಕಡೆಗಣಿಸಿದ ಭಾಗ ಅದೇ. ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು.

ಬ್ಯಾಟರಿ ಬಾನೆಟ್ಟಿನ ಕೆಳಗೆ, ಫ್ರಿಜ್ ಡಿಕ್ಕಿಯಲ್ಲಿ. ನಡುವೆ ಸುಮಾರು 6 ಮೀಟರ್. ಕರೆಂಟು ಹೋಗಿ ಬರಬೇಕು, ಅಂದರೆ 12 ಮೀಟರ್ ತಾಮ್ರ. ಗಾಡಿಯ ಜೊತೆಗೇ ಬಂದ ಹಿಂಬದಿಯ ಸಾಕೆಟ್ಟಿಗೆ ಕಂಪನಿಯವರು ಎಳೆದಿರುವುದು ಮೊಬೈಲ್ ಚಾರ್ಜರಿಗೆ ಸಾಲುವಂಥ ಸಣ್ಣ ತಂತಿ, ಅದು 1.5 ಚದರ ಮಿಲಿಮೀಟರ್ ಎಂದುಕೊಳ್ಳೋಣ. ಫ್ರಿಜ್ 5 ಆಂಪಿಯರ್ ಎಳೆದರೆ ತಂತಿಯಲ್ಲೇ 0.7 ವೋಲ್ಟ್ ಸೋರಿಹೋಗುತ್ತದೆ. ಅದೇ 6 ಚದರ ಮಿಲಿಮೀಟರಿನ ತಂತಿಯಾದರೆ ಸೋರುವುದು 0.2 ವೋಲ್ಟಿಗಿಂತ ಕಡಿಮೆ. ಮುಕ್ಕಾಲು ವೋಲ್ಟ್ ಏನು ಮಹಾ ಎನಿಸಬಹುದು. ಬ್ಯಾಟರಿ ಪೂರ್ತಿ ತುಂಬಿದ್ದಾಗಿನ ಮತ್ತು ಬರಿದಾದಾಗಿನ ವೋಲ್ಟುಗಳ ಅಂತರವೇ ಹೆಚ್ಚುಕಡಿಮೆ ಒಂದು ವೋಲ್ಟ್ ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಫ್ರಿಜ್ಜಿನೊಳಗೆ ಬ್ಯಾಟರಿಯ ಕಾವಲುಗಾರನೊಬ್ಬನಿದ್ದಾನೆ. ವೋಲ್ಟು ಒಂದು ಗೆರೆಯ ಕೆಳಗಿಳಿದರೆ ಅವನು ಕಂಪ್ರೆಸರ್ ನಿಲ್ಲಿಸುತ್ತಾನೆ. ಗಾಡಿ ಸ್ಟಾರ್ಟ್ ಆಗದೆ ನೀವು ಸಿಕ್ಕಿಬೀಳದಿರಲಿ ಎಂದು. ಬಿಡಿ35ರಲ್ಲಿ ಕಾರ್ಖಾನೆಯವರು ಇಟ್ಟ ಗೆರೆ 10.4 ವೋಲ್ಟ್, ಮತ್ತೆ ಶುರುವಾಗಲು 11.7ಕ್ಕೆ ಏರಬೇಕು. ಪೆಟ್ಟಿಗೆ ತಯಾರಕರು ಸಾಮಾನ್ಯವಾಗಿ ಇದನ್ನು ಕೆಳ, ನಡು, ಮೇಲು ಎಂದು ಮೂರು ಹಂತ ಮಾಡಿ ಕೊಡುತ್ತಾರೆ. ಮೇಲಿನ ಹಂತ 11.8ರ ಆಸುಪಾಸು. ಈಗ ರಾತ್ರಿ ಒಂದು ಗಂಟೆಗೆ ಡಿಕ್ಕಿಯೊಳಗೆ ನಡೆಯುವುದನ್ನು ನೋಡಿ. ಬ್ಯಾಟರಿಯಲ್ಲಿ 12.4 ವೋಲ್ಟ್ ಇದೆ, ಚೆನ್ನಾಗಿಯೇ ಇದೆ. ಕಂಪ್ರೆಸರ್ ಗುಂಯ್ ಎಂದು ಎದ್ದೊಡನೆ ಸಣ್ಣ ತಂತಿಯ ತುದಿಯಲ್ಲಿ ವೋಲ್ಟು 11.7ಕ್ಕೆ ಕುಸಿಯುತ್ತದೆ. ಕಾವಲುಗಾರ ನಿಲ್ಲಿಸುತ್ತಾನೆ. ನಿಂತೊಡನೆ ಕರೆಂಟಿನ ಹರಿವಿಲ್ಲ, ಸೋರಿಕೆಯೂ ಇಲ್ಲ. ವೋಲ್ಟು ಮತ್ತೆ 12.4. ಓಹೋ ಸರಿಯಾಯಿತೆಂದು ಮತ್ತೆ ಶುರು. ಮತ್ತೆ ಕುಸಿತ. ಬೆಳಗಿನವರೆಗೆ ಇದೇ ಆಟ. ಎದ್ದು ನೋಡಿದರೆ ಒಳಗೆ 14 ಡಿಗ್ರಿ, ಪರದೆಯ ಮೇಲೆ ಎಚ್ಚರಿಕೆಯ ಸಂಖ್ಯೆ. ಯಜಮಾನರು ಬಯ್ಯುವುದು ಫ್ರಿಜ್ಜನ್ನು. ರಿಪೇರಿಯವನು ಮಲ್ಟಿಮೀಟರನ್ನು ಕಂಪ್ರೆಸರ್ ನಿಂತಿರುವಾಗ ಹಿಡಿದರೆ ಅವನಿಗೂ ದೋಷ ಕಾಣದು. ಕಂಪ್ರೆಸರ್ ಓಡುತ್ತಿರುವಾಗ, ಫ್ರಿಜ್ಜಿನ ಪ್ಲಗ್ಗಿನಲ್ಲೇ ಅಳೆಯಬೇಕು. ಬ್ಯಾಟರಿಯ ತುದಿಗೂ ಅಲ್ಲಿಗೂ ಕಾಲು ವೋಲ್ಟಿಗಿಂತ ಹೆಚ್ಚು ಅಂತರ ಬಂದರೆ ತಂತಿ ಬದಲಿಸಬೇಕು.

ತಂತಿ ಕೊಳ್ಳುವಾಗ ಆಸ್ಟ್ರೇಲಿಯದಲ್ಲಿ ಒಂದು ಮೋಸದ ಗುಂಡಿಯಿದೆ. ಅಲ್ಲಿನ ವಾಹನ ಬಿಡಿಭಾಗದ ಅಂಗಡಿಯಲ್ಲಿ '6 ಎಂಎಂ ಆಟೊ ಕೇಬಲ್' ಎಂದರೆ ಪ್ಲಾಸ್ಟಿಕ್ ಹೊದಿಕೆಯೂ ಸೇರಿದ ಹೊರ ವ್ಯಾಸ. ಒಳಗಿನ ತಾಮ್ರ ಸುಮಾರು 4.6 ಚದರ ಮಿಲಿಮೀಟರ್ ಮಾತ್ರ. ಮನೆ ವೈರಿಂಗಿನವರು '6 ಎಂಎಂ' ಎಂದರೆ ತಾಮ್ರದ ಅಡ್ಡಕೊಯ್ತದ ಅಳತೆ. ಒಂದೇ ಮಾತು, ಎರಡು ಅರ್ಥ. 'ತಾಮ್ರ ಎಷ್ಟು ಚದರ ಮಿಲಿಮೀಟರ್' ಎಂದೇ ಕೇಳಬೇಕು.

ಧನಾಗ್ರದ ತಂತಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ಹಾಕಬೇಕು. ಇದು ಫ್ರಿಜ್ಜನ್ನು ಕಾಯುವುದಕ್ಕಲ್ಲ. ತಂತಿ ಎಲ್ಲಾದರೂ ಉಜ್ಜಿ ಬಾಡಿಯ ಲೋಹಕ್ಕೆ ತಾಗಿದರೆ ಗಾಡಿಗೆ ಬೆಂಕಿ ಹತ್ತದಿರಲೆಂದು. ಫ್ಯೂಸನ್ನು ಫ್ರಿಜ್ಜಿನ ಪಕ್ಕದಲ್ಲಿ ಹಾಕಿ ನಿಶ್ಚಿಂತರಾದವರು ಬಾನೆಟ್ಟಿನಿಂದ ಡಿಕ್ಕಿಯವರೆಗಿನ ತಂತಿಯನ್ನು ಕಾವಲಿಲ್ಲದೆ ಬಿಟ್ಟಿರುತ್ತಾರೆ. ಅರ್ಥಿಂಗ್ ತಂತಿಯನ್ನು ಬಾಡಿಗೆ ಬಿಗಿಯುವುದಾದರೆ ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿಯಬೇಕು. ಬ್ಯಾಟರಿಯವರೆಗೂ ಎಳೆದರೆ ಇನ್ನೂ ಒಳ್ಳೆಯದು. ಕೊನೆಯ ಮಾತು ಸಾಕೆಟ್ಟಿನದು. ಸಿಗರೇಟು ಲೈಟರಿನ ಸಾಕೆಟ್ ಹುಟ್ಟಿದ್ದು ಕೆಲವು ಸೆಕೆಂಡು ಸಿಗರೇಟು ಹಚ್ಚಲು. ತಗಡಿನ ಶೀಟಿನಂತೆ ಅಲೆಯೆದ್ದ ಮಣ್ಣುದಾರಿಯಲ್ಲಿ ಅರ್ಧ ದಿನ ಅದುರಿದರೆ ಪ್ಲಗ್ ತಾನಾಗಿ ಹೊರಗೆ ಸರಿಯುತ್ತದೆ, ಸಡಿಲ ತಾಗುವಿಕೆಯಿಂದ ಬಿಸಿಯಾಗಿ ಕರಗುವುದೂ ಉಂಟು. ಹೆಲ್ಲಾ ಅಥವಾ ಮೆರಿಟ್ ಎಂದು ಕರೆಯುವ ಗಟ್ಟಿ ಕೂರುವ ಪ್ಲಗ್, ಇಲ್ಲವೆ 50 ಆಂಪಿಯರಿನ ಆ್ಯಂಡರ್ಸನ್ ಪ್ಲಗ್ ಹಾಕಿಸಿದರೆ ಆ ಚಿಂತೆ ಮುಗಿಯಿತು.

ಬ್ಯಾಟರಿ ಮತ್ತು ಚಾರ್ಜು

ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ಫ್ರಿಜ್ ನಡೆಸಬಾರದು. ಅದು ಕ್ಷಣಕಾಲ ನೂರಾರು ಆಂಪಿಯರ್ ಕೊಡಲು ಮಾಡಿದ್ದು. ನಿಧಾನವಾಗಿ ಬರಿದು ಮಾಡುತ್ತ ಹೋದರೆ ಬೇಗ ಸಾಯುತ್ತದೆ. ಎರಡನೆಯ ಬ್ಯಾಟರಿ ಬೇಕು. ಎಷ್ಟು ದೊಡ್ಡದು? ಕಂಪ್ರೆಸರ್ 4 ಆಂಪಿಯರ್ ಎಳೆಯುತ್ತ, ಕಡುಬಿಸಿಲಿನಲ್ಲಿ ಅರ್ಧ ಹೊತ್ತು ಓಡುತ್ತದೆ ಎಂದು ಹಿಡಿದರೆ ದಿನಕ್ಕೆ 48 ಆಂಪಿಯರ್-ಗಂಟೆ. ಜಾಹೀರಾತಿನಲ್ಲಿ ಇದರ ಅರ್ಧ ಬರೆದಿರುತ್ತಾರೆ. ಅದು ತಂಪು ಕೋಣೆಯಲ್ಲಿ, ಮುಚ್ಚಳ ತೆರೆಯದೆ ಮಾಡಿದ ಲೆಕ್ಕ. 100 ಆಂಪಿಯರ್-ಗಂಟೆಯ ಎಜಿಎಂ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯುಸ್ಸು ಕುಗ್ಗುವುದರಿಂದ ಅದು ಒಂದು ದಿನಕ್ಕೆ ಸರಿ. ಅದೇ ಅಳತೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಿಂದ 80ರವರೆಗೆ ತೆಗೆಯಬಹುದು, ತೂಕವೂ ಅರ್ಧ. ಬೆಲೆ ಹೆಚ್ಚು, ಬಾನೆಟ್ಟಿನ ಕೆಳಗಿನ ಬಿಸಿಗೆ ಆಗಿಬರುವುದಿಲ್ಲ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಬಾರದು. ಮರುಭೂಮಿಯ ಜುಲೈ ರಾತ್ರಿಗಳಲ್ಲಿ ಸೊನ್ನೆ ಡಿಗ್ರಿ ಅಪರೂಪವಲ್ಲ.

ಹಿಂದೆ ಎರಡು ಬ್ಯಾಟರಿಗಳ ನಡುವೆ ಒಂದು ರಿಲೇ ಹಾಕಿದರೆ ಸಾಕಿತ್ತು. ಈಚಿನ ಗಾಡಿಗಳ ಆಲ್ಟರ್ನೇಟರ್ ಡೀಸೆಲ್ ಉಳಿಸಲೆಂದು ಮೊದಲ ಬ್ಯಾಟರಿ ತುಂಬಿದೊಡನೆ ವೋಲ್ಟು ಇಳಿಸಿಬಿಡುತ್ತದೆ. ಇಡೀ ದಿನ ಓಡಿಸಿದರೂ ಎರಡನೆಯ ಬ್ಯಾಟರಿ ಅರೆಹೊಟ್ಟೆಯಲ್ಲೇ ಉಳಿಯುತ್ತದೆ. ಆದ್ದರಿಂದ ಬಂದ ವೋಲ್ಟು ಎಷ್ಟೇ ಇರಲಿ, ಬ್ಯಾಟರಿಗೆ ತಕ್ಕಂತೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರ್ ಈಗ ಅನಿವಾರ್ಯ. 25 ಆಂಪಿಯರಿನದಾದರೆ ಎರಡು ಗಂಟೆಯ ಓಟದಲ್ಲಿ ಒಂದು ದಿನದ ಖರ್ಚು ಮರಳಿ ಬರುತ್ತದೆ. ದಿನವೂ ಗಾಡಿ ಓಡಿಸುವವರಿಗೆ ಸೋಲಾರ್ ಹಲಗೆಯ ಅಗತ್ಯ ಅಷ್ಟಿಲ್ಲ. ಒಂದೇ ಕಡೆ ಮೂರು ದಿನ ಬಿಡಾರ ಹೂಡುವವರಿಗೆ ಬೇಕು. 100 ವಾಟಿನ ಹಲಗೆಯಿಂದ ಒಳ್ಳೆಯ ಬಿಸಿಲಲ್ಲಿ ದಿನಕ್ಕೆ 28 ಆಂಪಿಯರ್-ಗಂಟೆ ಬಂದರೆ ಹೆಚ್ಚು. ಮೇಲಿನ ಲೆಕ್ಕಕ್ಕೆ 200 ವಾಟ್ ಹಿಡಿಯಬೇಕು. ಹಲಗೆಗೆ ಬಿಸಿಲು, ಗಾಡಿಗೆ ನೆರಳು ಬೇಕಾದ್ದರಿಂದ ಮಡಚುವ ಹಲಗೆಯನ್ನು ಉದ್ದ ತಂತಿಯಲ್ಲಿ ದೂರ ಹಾಸುವುದು ಮಾಡಿಗೆ ಬಿಗಿಯುವುದಕ್ಕಿಂತ ವಾಸಿ.

ಕೂರಿಸುವುದು

ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಸಾಗಿಸುವ ಯಂತ್ರ. ಆ ಶಾಖ ಹೊರಗೆ ಹೋಗಲು ದಾರಿ ಬೇಕು. ಗಾಳಿ ಹೋಗುವ ಬರುವ ಜಾಲರಿಗಳ ಮುಂದೆ ಕಡಿಮೆಯೆಂದರೆ ನಾಲ್ಕು ಬೆರಳು ಜಾಗ ಬಿಡಬೇಕು. ಹಾಸಿಗೆ ಸುರುಳಿಯನ್ನು ಅಲ್ಲಿಗೆ ತುರುಕಿದ ದಿನ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಬ್ಯಾಟರಿ ಕುಸಿಯುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ 60 ಡಿಗ್ರಿ ದಾಟುವುದುಂಟು. ಕಿಟಕಿ ಬೆರಳಗಲ ತೆರೆದಿಡುವುದು, ಪೆಟ್ಟಿಗೆಗೆ ಕೌದಿಯಂಥ ಹೊದಿಕೆ ಹಾಕುವುದು (ಜಾಲರಿ ಬಿಟ್ಟು), ನೆರಳು ಹುಡುಕುವುದು ಇವು ಯಾವ ಬ್ಯಾಟರಿಗೂ ಕಡಿಮೆಯಲ್ಲದ ಉಪಾಯಗಳು.

ಭಾರವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಖಾಲಿ ಪೆಟ್ಟಿಗೆ 20-25 ಕಿಲೊ, ಒಳಗಿನ ಸಾಮಾನು 30, ಅದನ್ನು ಹೊರಗೆಳೆಯುವ ಜಾರುಹಳಿಯೂ 20ರ ಆಸುಪಾಸು. ಎದುರಿಗೆ ಡಿಕ್ಕಿಯಾದರೆ 50 ಕಿಲೊದ ಪೆಟ್ಟಿಗೆ ಕ್ಷಣಮಾತ್ರ ಒಂದು ಟನ್ನಿನ ಬಲದಿಂದ ಮುಂದಿನ ಸೀಟಿನ ಮೇಲೆ ಬರಬಲ್ಲದು. ರಬ್ಬರಿನ ಕೊಕ್ಕೆಹಗ್ಗ ಇದಕ್ಕೆ ಆಟಿಕೆ. ಗಾಡಿಯ ಕಾರ್ಖಾನೆ ಕೊಕ್ಕೆಗಳಿಗೆ ಅಥವಾ ನೆಲಕ್ಕೆ ತೂರಿಸಿ ಬಿಗಿದ ಬೋಲ್ಟುಗಳಿಗೆ ಪಟ್ಟಿ ಬಿಗಿಯಬೇಕು. ಸೀಟಿನ ಹಿಂದೆ ತಡೆಜಾಲರಿ ಇರಬೇಕು. ಅದಕ್ಕೆ ಆಸ್ಟ್ರೇಲಿಯದಲ್ಲಿ ಎಎಸ್/ಎನ್‌ಝಡ್‌ಎಸ್ 4034 ಎಂಬ ಮಾನಕವೇ ಇದೆ. ನೆಲಕ್ಕೆ ರಂಧ್ರ ಕೊರೆಯುವ ಮುನ್ನ ಗಾಡಿಯ ಕೆಳಗೆ ಮಲಗಿ ನೋಡುವುದು ಕಡ್ಡಾಯ. ಡೀಸೆಲ್ ಟ್ಯಾಂಕಿನ ನೆತ್ತಿ ಅಲ್ಲೇ ಇರುತ್ತದೆ.

ಎತ್ತರದ ಗಾಡಿಯಲ್ಲಿ ಪೆಟ್ಟಿಗೆಯ ತಳಕ್ಕೆ ಕೈ ಎಟುಕಬೇಕಾದರೆ ಜಾರುಹಳಿ ಬೇಕು. ಕುಳ್ಳಗಿರುವವರಿಗೆ ಹೊರಬಂದ ಮೇಲೆ ಕೆಳಗೂ ಇಳಿಯುವ ಬಗೆ ಸಿಗುತ್ತದೆ. ಅದು ಪೂರ್ತಿ ಒಳಗಿರುವಾಗಲೂ ಪೂರ್ತಿ ಹೊರಗಿರುವಾಗಲೂ ಕಚ್ಚಿ ನಿಲ್ಲಬೇಕು, ಇಲ್ಲವಾದರೆ ಇಳಿಜಾರಿನಲ್ಲಿ ನಿಲ್ಲಿಸಿದಾಗ ಮೊಣಕಾಲು ಮುರಿಯುತ್ತದೆ. ಗ್ರೀಸು ಹಚ್ಚಬಾರದು, ಟಾಲ್ಕಂ ಪೌಡರಿನಷ್ಟು ನುಣ್ಣಗಿನ ಒಳನಾಡಿನ ಧೂಳು ಅದಕ್ಕೆ ಮೆತ್ತಿ ಉಪ್ಪುಕಾಗದದಂತಾಗುತ್ತದೆ. ತಂತಿ ಪೆಟ್ಟಿಗೆಯ ಜೊತೆ ಹಿಂದೆಮುಂದೆ ಓಡಾಡುವುದರಿಂದ ಸಡಿಲ ಸುರುಳಿಯೊಂದನ್ನು ಬಿಟ್ಟು, ಹಳಿಗೆ ಸಿಕ್ಕದಂತೆ ಮೇಲಕ್ಕೆ ಕಟ್ಟಬೇಕು. ಮರೆತವರ ತಂತಿ ಮೊದಲ ವಾರದಲ್ಲೇ ಕತ್ತರಿಸಿಹೋಗುತ್ತದೆ.

ತುಂಬುವುದು, ಕಾಪಾಡುವುದು

ಹೊರಡುವ ಹಿಂದಿನ ದಿನವೇ ಪೆಟ್ಟಿಗೆಯನ್ನು ಮನೆಯ ಪ್ಲಗ್ಗಿಗೆ ಹಾಕಿ ತಣಿಸಿ, ಮೊದಲೇ ತಣ್ಣಗಾದ ಸಾಮಾನನ್ನೇ ತುಂಬಬೇಕು. ಕಾರಣಕ್ಕೆ ಒಂದು ಲೆಕ್ಕ: ಆಸ್ಟ್ರೇಲಿಯನ್ನರು ಒಯ್ಯುವ 375 ಮಿ.ಲೀ. ಬಿಯರಿನ 24 ಕ್ಯಾನುಗಳೆಂದರೆ 9 ಕಿಲೊ ನೀರಿಗೆ ಸಮ. ಅದನ್ನು 30 ಡಿಗ್ರಿಯಿಂದ 4ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 270 ವಾಟ್-ಗಂಟೆ. ಬ್ಯಾಟರಿಗೆ ಬೀಳುವ ಹೊರೆ 16-18 ಆಂಪಿಯರ್-ಗಂಟೆ. ದಿನದ ಖರ್ಚಿನ ಮೂರನೆಯ ಒಂದು ಪಾಲು ಬರೇ ಬಿಯರಿಗೆ. ಹೋಲಿಕೆಗೆ, 10 ಕಿಲೊ ಮಂಜುಗಡ್ಡೆ ಕರಗಿ ಕೊಡುವ ತಂಪು ಸುಮಾರು 930 ವಾಟ್-ಗಂಟೆ; ಸಾಧಾರಣ ಐಸುಪೆಟ್ಟಿಗೆಗೆ ಎರಡು ದಿನದ ಆಚೀಚೆ. ಆದ್ದರಿಂದ ವಾರಾಂತ್ಯದ ಎರಡು ದಿನಕ್ಕೆ ಮಾತ್ರ ಹೋಗುವವರು, ಕೊಡಗಿಗೋ ಗೋಕರ್ಣಕ್ಕೋ ಹೋಗುವ ನಮ್ಮವರೂ ಸೇರಿದಂತೆ, ಫ್ರಿಜ್, ಬ್ಯಾಟರಿ, ಚಾರ್ಜರುಗಳಿಗೆ ಹಣ ಸುರಿಯುವ ಬದಲು ಒಳ್ಳೆಯ ಐಸುಪೆಟ್ಟಿಗೆ ಕೊಳ್ಳುವುದು ಜಾಣತನ.

ಆಸ್ಟ್ರೇಲಿಯದ ಆಹಾರ ಸುರಕ್ಷತೆಯ ನಿಯಮದಂತೆ 5ರಿಂದ 60 ಡಿಗ್ರಿಯ ನಡುವಿನದು ಅಪಾಯದ ವಲಯ. ಪರದೆಯ ಸಂಖ್ಯೆ ಸಂವೇದಕ ಇರುವ ಜಾಗದ್ದು ಮಾತ್ರ. ತಳದಲ್ಲಿ ಸೊಪ್ಪು ಹೆಪ್ಪುಗಟ್ಟಿ ಕಪ್ಪಾಗುತ್ತಿರುವಾಗ ಮುಚ್ಚಳದ ಕೆಳಗೆ 8 ಡಿಗ್ರಿ ಇರಬಹುದು. ಬೇರೊಂದು ಸಣ್ಣ ಥರ್ಮಾಮೀಟರ್ ನಡುವೆ ಇಡಬೇಕು. ಹಸಿ ಮಾಂಸ ತಳಕ್ಕೆ, ಸೊಪ್ಪು ಮೇಲಕ್ಕೆ. ಇನ್ಸುಲಿನ್ ಒಯ್ಯುವವರು ಅದನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಆದ್ದರಿಂದ ಗೋಡೆಗೆ ತಾಗದಂತೆ ಬಟ್ಟೆ ಸುತ್ತಿ ಇಡುತ್ತಾರೆ.

ಅಲೆಯೆದ್ದ ದಾರಿಯ ಅದುರಾಟ ಪೆಟ್ಟಿಗೆಯೊಳಗೂ ನಡೆಯುತ್ತದೆ. ಒಂದಕ್ಕೊಂದು ಉಜ್ಜಿದ ಅಲ್ಯುಮಿನಿಯಂ ಕ್ಯಾನುಗಳಿಗೆ ಸೂಜಿ ರಂಧ್ರ ಬಿದ್ದು ಪಾನೀಯವೆಲ್ಲ ತಳ ಸೇರುವುದು ಮಾಮೂಲು. ನಡುವೆ ಕಾಲುಚೀಲವೋ ಟವೆಲೋ ತುರುಕಬೇಕು. ಮೆಲ್ಬರ್ನ್, ಪರ್ತ್‌ಗಳ ಕನ್ನಡದ ಮನೆಗಳಿಂದ ಹೊರಟ ಡಬ್ಬಿಗಳಿಗೆ ಬೇರೆ ಕಷ್ಟಗಳು: ಗಟ್ಟಿ ಮೊಸರು ಈ ಅದುರಾಟಕ್ಕೆ ಕಡೆದಂತಾಗಿ ನೀರೊಡೆಯುತ್ತದೆ; ದೋಸೆಹಿಟ್ಟನ್ನು ಬಿಸಿಲಿಳಿಯುವ ಮುನ್ನ ತುಂಬಿ ಬಿಗಿಯಾಗಿ ಮುಚ್ಚಿದರೆ ತಣಿಯುವ ಮೊದಲೇ ಉಬ್ಬಿ ಮುಚ್ಚಳ ಹಾರಿಸುತ್ತದೆ. ಮೊದಲೇ ತಣಿಸಿ, ಡಬ್ಬಿಯನ್ನು ಅರ್ಧ ಮಾತ್ರ ತುಂಬಬೇಕು.

ನಿರ್ವಹಣೆ ಹೆಚ್ಚಿಲ್ಲ. ಕಂಡೆನ್ಸರಿನ ರೆಕ್ಕೆಗಳಿಗೆ ಕೂತ ಧೂಳನ್ನು ಟೈರಿಗೆ ಗಾಳಿ ತುಂಬುವ ಪಂಪಿನಿಂದಲೇ ವಾರಕ್ಕೊಮ್ಮೆ ಊದಬೇಕು. ಊರಿಗೆ ಮರಳಿದ ಮೇಲೆ ಅಡುಗೆ ಸೋಡದ ನೀರಿನಿಂದ ಒರೆಸಿ, ಮುಚ್ಚಳ ತುಸು ತೆರೆದಿಡಬೇಕು. ಒಳಗಿನ ಗ್ಯಾಸಿನ ಸುತ್ತು ಬೆಸುಗೆ ಹಾಕಿ ಮುಚ್ಚಿದ್ದು. ದಾರಿಯಲ್ಲಿ ಅದನ್ನು ಬಿಚ್ಚಲು ಹೋಗಬಾರದು. ಹೊಸ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಹೊತ್ತಿಕೊಳ್ಳುವ ಐಸೋಬ್ಯೂಟೇನ್ ಗ್ಯಾಸು ಇರುವುದರಿಂದಂತೂ ಖಂಡಿತ ಬೇಡ. ಜೊತೆಗೊಯ್ಯಬೇಕಾದದ್ದು ನಾಲ್ಕು ಫ್ಯೂಸ್, ಒಂದು ಬದಲಿ ಪ್ಲಗ್, ಒಂದು ಮಲ್ಟಿಮೀಟರ್.

ಕೊನೆಯದಾಗಿ, ಎಷ್ಟೇ ಚೆನ್ನಾಗಿ ತುಂಬಿದ ಪೆಟ್ಟಿಗೆಯನ್ನೂ ಬರಿದು ಮಾಡಿಸುವ ಜಾಗಗಳಿವೆ. ನಲ್ಲರ್ಬಾರ್ ಬಯಲು ದಾಟುತ್ತ ಪಶ್ಚಿಮ ಆಸ್ಟ್ರೇಲಿಯಕ್ಕೆ ಕಾಲಿಡುವಲ್ಲಿ, ಯೂಕ್ಲಾ ಬಳಿಯ ಗಡಿಯ ತಪಾಸಣಾ ಠಾಣೆಯಲ್ಲಿ, ಹಣ್ಣು, ತರಕಾರಿ, ಜೇನುತುಪ್ಪಗಳನ್ನು ಒಳಗೆ ಬಿಡುವುದಿಲ್ಲ. ಕೀಟ ಮತ್ತು ರೋಗ ಹರಡದಿರಲೆಂದು. ಅತ್ತ ಪಶ್ಚಿಮದಿಂದ ಮರಳುವವರ ಹಣ್ಣನ್ನು ದಕ್ಷಿಣ ಆಸ್ಟ್ರೇಲಿಯದ ಸೆಡೂನಾದಲ್ಲಿ ತೆಗೆದುಕೊಳ್ಳುತ್ತಾರೆ. ಗಡಿ ಬರುವ ಮೊದಲು ತಿಂದು ಮುಗಿಸಿ. ಆಚೆಯ ಊರಿನಲ್ಲಿ ಹೊಸದಾಗಿ ಕೊಂಡುಕೊಳ್ಳಿ.